ಒಂದೇ ಚಾರ್ಟ್, ಎರಡು ಮೈ: ಮಾಟುಂಗಾದ ಗಂಡ-ಹೆಂಡತಿಯ ಒಂದು ವರ್ಷ

ಮುಂಬೈಯ ಮಾಟುಂಗಾ, ವಡಾಲಾ ಕಡೆ ಹದಿನಾಲ್ಕು ವರ್ಷದಿಂದ ಓಟ, ವ್ಯಾಯಾಮ ಹೇಳಿಕೊಡುತ್ತಿದ್ದೇನೆ. ಬರುವವರಲ್ಲಿ ನಮ್ಮ ಕನ್ನಡದವರೇ ಜಾಸ್ತಿ. ಇಲ್ಲಿ ಬರೆದಿರುವುದು ಒಬ್ಬ ಗಂಡ-ಹೆಂಡತಿಯ ವಿಷಯ. ಇಬ್ಬರೂ ಒಪ್ಪಿದ ಮೇಲೆ ಬರೆಯುತ್ತಿದ್ದೇನೆ. ಹೆಸರು ಹೇಳುವುದಿಲ್ಲ. ಕೆಲಸ, ಮನೆಯ ವಿವರ, ಕೆಲವು ತಾರೀಕು ಬದಲಿಸಿದ್ದೇನೆ. ಹೆಂಡತಿ ನನ್ನನ್ನು ಅಕ್ಕ ಅಂತಾಳೆ, ನನಗೂ ತಂಗಿಯ ಹಾಗೆ. ಹಾಗಾಗಿ ಅವಳು ಅಂತಲೇ ಬರೆಯುತ್ತೇನೆ. ಈ ಪ್ರಕರಣದಲ್ಲಿ ಆದ ದೊಡ್ಡ ತಪ್ಪು ನನ್ನದು. ಇನ್ನೊಬ್ಬ ಟ್ರೇನರ್ ಅದನ್ನೇ ಮಾಡಬಾರದು, ಇನ್ನೊಬ್ಬ ಹೆಣ್ಣುಮಗಳು ಅದನ್ನು ಅನುಭವಿಸಬಾರದು, ಅದಕ್ಕೆ ಬರೆಯುತ್ತಿದ್ದೇನೆ.

ಬಂದಾಗ ಹೇಗಿದ್ದರು

ಗಂಡನಿಗೆ 41, ಹೆಂಡತಿಗೆ 34. ಏಳು ವರ್ಷದ ಮಗಳು, ಜೊತೆಗೆ ಅತ್ತೆ. ಕರಾವಳಿ ಕಡೆಯವರು, ಮುಂಬೈಗೆ ಬಂದು ಎರಡು ತಲೆಮಾರಾಯಿತು. ಗಂಡನದು ಆಫೀಸಿನಲ್ಲಿ ಕೂತು ಲೆಕ್ಕ ನೋಡುವ ಕೆಲಸ. ಅವಳು ಫೋರ್ಟ್‌ನಲ್ಲಿ ಬ್ಯಾಂಕಿಗೆ ಹೋಗುತ್ತಾಳೆ.

ಜೂನ್‌ನಲ್ಲಿ ಮೊದಲ ಮಳೆ ಬಿದ್ದ ವಾರ ಬಂದರು. ಕಾರಣ ಗಂಡನ ರಿಪೋರ್ಟ್. ತೂಕ 91 ಕೆಜಿ. ಮೂರು ತಿಂಗಳ ಸರಾಸರಿ ಸಕ್ಕರೆ ಹೇಳುವ ಎಚ್‌ಬಿಎ1ಸಿ 6.1 ಇತ್ತು. 5.7ರಿಂದ 6.4ರ ತನಕ ಇದ್ದರೆ ಸಕ್ಕರೆ ಕಾಯಿಲೆಯ ಹೊಸ್ತಿಲಲ್ಲಿ ನಿಂತ ಹಾಗೆ. ಅದೇ ಪ್ಯಾಕೇಜಿನಲ್ಲಿ ಗಂಡಸುತನದ ಹಾರ್ಮೋನ್ ಟೆಸ್ಟೋಸ್ಟಿರಾನ್ ಕೂಡ ನೋಡಿದ್ದರು. 286 ಬಂದಿತ್ತು. ಗಂಡಸರಿಗೆ ಸಾಮಾನ್ಯವಾಗಿ 300ರ ಮೇಲೆ ಇರಬೇಕು. ಆ ಅಂಕಿ ನೋಡಿ ಅವರು ಸಕ್ಕರೆಗಿಂತ ಜಾಸ್ತಿ ಹೆದರಿದ್ದರು.

ಹೆಂಡತಿಗೆ ಏನೂ ತೊಂದರೆ ಇರಲಿಲ್ಲ. ಎತ್ತರ 158 ಸೆಂಟಿಮೀಟರ್, ತೂಕ 52. "ಇವರು ಒಬ್ರೇ ಆದ್ರೆ ನಾಲ್ಕು ದಿನಕ್ಕೆ ಬಿಟ್ಬಿಡ್ತಾರೆ ಅಕ್ಕ, ಜೊತೆಗೆ ನಾನೂ ಬರ್ತೀನಿ" ಅಂದಳು. ಅಂದರೆ ಅವಳು ಬಂದಿದ್ದು ಗಂಡನಿಗೋಸ್ಕರ. ಈ ಮಾತನ್ನು ನಾನು ಆಗಲೇ ಗಟ್ಟಿಯಾಗಿ ಹಿಡಿದುಕೊಳ್ಳಬೇಕಿತ್ತು.

ಜನವರಿಯ ಮುಂಬೈ ಮ್ಯಾರಥಾನ್‌ನಲ್ಲಿ ಹಾಫ್ ಓಡೋಣ ಅಂತ ಗುರಿ ಇಟ್ಟೆವು. 21.1 ಕಿಲೋಮೀಟರ್. ನಾನು ಒಂದು ಚಾರ್ಟ್ ಬರೆದೆ. ಒಂದೇ ಚಾರ್ಟ್, ಎರಡು ಪ್ರತಿ. ವಾರದಲ್ಲಿ ನಾಲ್ಕು ದಿನ ಬೆಳಗ್ಗೆ ಐದೂವರೆಗೆ ಫೈವ್ ಗಾರ್ಡನ್ಸ್‌ನಲ್ಲಿ ಓಟ, ಖಾಲಿ ಹೊಟ್ಟೆಯಲ್ಲಿ. ಭಾನುವಾರ ಶಿವಾಜಿ ಪಾರ್ಕ್‌ನಿಂದ ಉದ್ದದ ಓಟ. ರಾತ್ರಿ ಅನ್ನ ಬೇಡ. ಕರಿದಿದ್ದು, ಸಿಹಿ ಬೇಡ. ಗಂಡನ ಹೊಟ್ಟೆ, ಗಂಡನ ಸಕ್ಕರೆ ನೋಡಿ ಬರೆದ ಚಾರ್ಟ್ ಅದು. ಹೆಂಡತಿಯ ಕೈಗೂ ಅದನ್ನೇ ಕೊಟ್ಟೆ. ಒಂದೇ ಮನೆ, ಒಂದೇ ಅಡುಗೆ, ಇಬ್ಬರಿಗೂ ಒಂದೇ ಇದ್ದರೆ ಸುಲಭ ಅಲ್ವಾ ಅಂತ ಯೋಚಿಸಿದ್ದೆ.

ನಾಲ್ಕು ತಿಂಗಳು

ಗಂಡನ ಮೈ ಬೇಗ ಮಾತು ಕೇಳಿತು. ಅಕ್ಟೋಬರ್ ಕೊನೆಗೆ 82 ಕೆಜಿ. ಎಚ್‌ಬಿಎ1ಸಿ 5.6. ಟೆಸ್ಟೋಸ್ಟಿರಾನ್ 412.

ಓಡಿದರೆ ಟೆಸ್ಟೋಸ್ಟಿರಾನ್ ಏರುತ್ತದೆ ಅಂತ ಅವರು ಆಫೀಸಿನಲ್ಲಿ ಎಲ್ಲರಿಗೂ ಹೇಳಿದ್ದರು. ಅದು ಅಷ್ಟು ನೇರ ಇಲ್ಲ. ಜೋರಾದ ವ್ಯಾಯಾಮದ ನಂತರ ಈ ಹಾರ್ಮೋನ್ ಸ್ವಲ್ಪ ಏರುವುದು ನಿಜ, ಆದರೆ ಒಂದು ಗಂಟೆಯೊಳಗೆ ಮತ್ತೆ ಮೊದಲಿನ ಮಟ್ಟಕ್ಕೆ ಬರುತ್ತದೆ. ಇವರಲ್ಲಿ ಕೆಲಸ ಮಾಡಿದ್ದು ಹೊಟ್ಟೆಯ ಕೊಬ್ಬು ಕರಗಿದ್ದು. ಕೊಬ್ಬಿನ ಕೋಶಗಳಲ್ಲಿ ಇರುವ ಒಂದು ಕಿಣ್ವ ಟೆಸ್ಟೋಸ್ಟಿರಾನನ್ನು ಹೆಂಗಸರ ಹಾರ್ಮೋನ್ ಆದ ಈಸ್ಟ್ರೋಜನ್ ಮಾಡುತ್ತದೆ. ಹೊಟ್ಟೆ ಇಳಿದ ಹಾಗೆ ಆ ಸೋರಿಕೆ ಕಮ್ಮಿಯಾಗುತ್ತದೆ. ಗೊರಕೆ ಕಮ್ಮಿಯಾಗಿ ನಿದ್ದೆ ಸರಿಯಾಗಿತ್ತು, ಈ ಹಾರ್ಮೋನ್ ಜಾಸ್ತಿ ತಯಾರಾಗುವುದು ನಿದ್ದೆಯಲ್ಲೇ. ಸಕ್ಕರೆ ಇಳಿದ ಕಾರಣವೂ ಸರಳ. ಓಡುವಾಗ ಸ್ನಾಯುಗಳು ಇನ್ಸುಲಿನ್ ಸಹಾಯವಿಲ್ಲದೆಯೂ ರಕ್ತದ ಸಕ್ಕರೆ ಎಳೆದುಕೊಳ್ಳುತ್ತವೆ. ಆಮೇಲೆ ಒಂದೆರಡು ದಿನ ಇನ್ಸುಲಿನ್ ಮಾತಿಗೆ ಚೆನ್ನಾಗಿ ಓಗೊಡುತ್ತವೆ.

ಹೆಂಡತಿಯೂ ಮೊದಲ ಎರಡು ತಿಂಗಳು ಚೆನ್ನಾಗಿ ಓಡಿದಳು. ಗಂಡನಿಗಿಂತ ಮುಂದೆ ಇದ್ದಳು. ತೂಕ 49ಕ್ಕೆ ಇಳಿದಾಗ ನಾನೇ ಹೊಗಳಿದೆ. ಬ್ಯಾಂಕಿನಲ್ಲಿ "ಹತ್ತು ವರ್ಷ ಸಣ್ಣವಳ ಹಾಗೆ ಕಾಣ್ತೀಯ" ಅಂದರಂತೆ. ಅತ್ತೆ ಒಬ್ಬರೇ "ಮುಖ ಇಳಿದುಹೋಗಿದೆ ಮಗಾ" ಅಂದಿದ್ದು. ಹಳೇ ಕಾಲದವರು ಅಂತ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಸೆಪ್ಟೆಂಬರ್‌ನಿಂದ ಅವಳ ವೇಗ ಇಳಿಯಿತು. ಅದೇ ಹತ್ತು ಕಿಲೋಮೀಟರ್‌ಗೆ ಐದು ನಿಮಿಷ ಜಾಸ್ತಿ. ರಾತ್ರಿ ಮೂರಕ್ಕೆ ಎಚ್ಚರ. ಎಸಿ ಲೋಕಲ್‌ನಲ್ಲಿ ಚಳಿ ತಡೆಯಲಾಗದೆ ಶಾಲು ಹೊದೆಯುತ್ತಿದ್ದಳು. ಬಾಚಿದರೆ ಕೂದಲು ಕೈಗೆ. ನಾನು ಬ್ಯಾಂಕಿನ ಒತ್ತಡ, ಮನೆ ಕೆಲಸ ಅಂದುಕೊಂಡೆ. ವೇಗ ಬರಲಿ ಅಂತ ಬುಧವಾರಕ್ಕೆ ಜೋರು ಓಟ ಸೇರಿಸಿದೆ. ಇದು ಎರಡನೇ ತಪ್ಪು. ಸೋತ ಮೈಗೆ ಇನ್ನಷ್ಟು ಕೆಲಸ ಕೊಟ್ಟೆ.

ಆ ಒಂದು ಮಾತು

ಡಿಸೆಂಬರ್ ಮೊದಲ ವಾರ. ಓಟ ಮುಗಿಸಿ ಫುಟ್‌ಪಾತ್‌ನಿಂದ ರಸ್ತೆಗೆ ಇಳಿಯುವಾಗ ಅವಳು ಬಲಗಾಲನ್ನು ಅಡ್ಡ ಇಟ್ಟು ಇಳಿದಳು. ಮೆಟ್ಟಿಲು ಇಳಿಯುವಾಗ ಮುದುಕರು ಇಡುತ್ತಾರಲ್ಲ, ಹಾಗೆ. ಬೆಂಚಿನ ಮೇಲೆ ಕೂರಿಸಿ ಮೊಣಕಾಲಿನ ಕೆಳಗಿನ ಮೂಳೆ ಒತ್ತುತ್ತಾ ಬಂದೆ. ಸುಮಾರು ಜಾಗದಲ್ಲಿ ಏನೂ ಇಲ್ಲ. ಒಂದು ಕಡೆ, ಹೆಬ್ಬೆರಳಿನಷ್ಟು ಅಗಲದ ಜಾಗ ಒತ್ತಿದಾಗ ಉಸಿರು ಎಳೆದುಕೊಂಡಳು. ಸ್ನಾಯು ನೋವಾದರೆ ಉದ್ದಕ್ಕೆ ಹರಡಿರುತ್ತದೆ. ಹೀಗೆ ಬೊಟ್ಟಿಟ್ಟ ಹಾಗೆ ಒಂದೇ ಕಡೆ ನೋವಾದರೆ ಮೂಳೆಯ ಬಗ್ಗೆ ಅನುಮಾನ ಪಡಬೇಕು.

ಆಗ ಕೇಳಿದೆ, "ಮುಟ್ಟು ಸರಿಯಾಗಿ ಆಗ್ತಿದೆಯಾ?"

"ಮಾತ್ರೆ ತಗೊಂಡ್ರೆ ಆಗತ್ತೆ ಅಕ್ಕ" ಅಂದಳು.

ಆರು ತಿಂಗಳಲ್ಲಿ ನಾನು ಕೇಳಿದ್ದು ಅದೇ ಮೊದಲ ಸಲ. ಹೆಣ್ಣಾಗಿ ನಾನೇ ಕೇಳಿರಲಿಲ್ಲ. ನಾಡಿ ಬಡಿತ ಕೇಳಿದ್ದೆ, ತೂಕ ಕೇಳಿದ್ದೆ, ಎಷ್ಟು ನಿಮಿಷಕ್ಕೆ ಒಂದು ಕಿಲೋಮೀಟರ್ ಅಂತ ಕೇಳಿದ್ದೆ.

ನಡೆದಿದ್ದು ಹೀಗೆ. ಆಗಸ್ಟ್‌ನಲ್ಲಿ ಮುಟ್ಟು ಹತ್ತು ದಿನ ತಡ. ಸೆಪ್ಟೆಂಬರ್, ಅಕ್ಟೋಬರ್ ಎರಡೂ ತಿಂಗಳು ಇಲ್ಲ. ಗರ್ಭದ ಪರೀಕ್ಷೆ ಮನೆಯಲ್ಲೇ ಮಾಡಿ ಇಲ್ಲ ಅಂತ ಖಾತ್ರಿ ಮಾಡಿಕೊಂಡಳು. ಜೊತೆಗೆ ಓಡುವ ಒಬ್ಬರು "ಓಡೋವ್ರಿಗೆ ಹೀಗೇ, ಒಳ್ಳೇದೇ ಆಯ್ತಲ್ಲ" ಅಂದರು. ಅವಳಿಗೂ ಸ್ವಲ್ಪ ನೆಮ್ಮದಿಯೇ ಅನ್ನಿಸಿತ್ತು. ಭಾನುವಾರದ ಓಟಕ್ಕೆ ಪ್ಯಾಡ್ ಚಿಂತೆ ಇಲ್ಲ. ಹತ್ತಿರದ ಡಾಕ್ಟರ್ ಒಬ್ಬರು 21 ದಿನದ ಹಾರ್ಮೋನ್ ಮಾತ್ರೆ ಬರೆದರು. ಓಡುತ್ತಾಳಾ, ಏನು ತಿನ್ನುತ್ತಾಳೆ ಅಂತ ಅವರೂ ಕೇಳಲಿಲ್ಲ. ಮಾತ್ರೆ ನಿಲ್ಲಿಸಿದ ಮೂರನೇ ದಿನ ರಕ್ತ ಕಂಡಿತು. ಸರಿಹೋಯಿತು ಅಂತ ಅವಳು ಮತ್ತೆ ಓಟಕ್ಕೆ ಬಂದಳು.

ಇಲ್ಲೇ ಬಹಳ ಹೆಣ್ಣುಮಕ್ಕಳು ಎಡವುತ್ತಾರೆ. ಆ ರಕ್ತ ಮುಟ್ಟಲ್ಲ. ಹೊರಗಿನಿಂದ ಬಂದ ಹಾರ್ಮೋನ್ ಗರ್ಭಕೋಶದ ಒಳಪದರ ಬೆಳೆಸಿತು, ಮಾತ್ರೆ ನಿಂತಾಗ ಅದು ಉದುರಿತು, ಅಷ್ಟೇ. ಅಂಡಾಶಯ ಮಲಗಿಯೇ ಇತ್ತು. ಹಾರ್ಮೋನ್ ತಜ್ಞರ ಸಂಘವಾದ ಅಮೆರಿಕದ ಎಂಡೋಕ್ರೈನ್ ಸೊಸೈಟಿ 2017ರ ಮಾರ್ಗಸೂಚಿಯಲ್ಲಿ ಇದನ್ನು ಸ್ಪಷ್ಟವಾಗಿ ಹೇಳಿದೆ. ಊಟ ಕಮ್ಮಿಯಾಗಿ, ವ್ಯಾಯಾಮ ಜಾಸ್ತಿಯಾಗಿ ಮುಟ್ಟು ನಿಂತಿದ್ದರೆ, ಬರೀ ಮುಟ್ಟು ತರಿಸಲಿಕ್ಕೆ ಅಥವಾ ಮೂಳೆ ಗಟ್ಟಿ ಮಾಡಲಿಕ್ಕೆ ಇಂಥ ಮಾತ್ರೆ ಕೊಡಬಾರದು ಅಂತ.

ನೋಟ್‌ಬುಕ್ಕಿನ ಹಿಂದಿನ ಪುಟ

ಅವತ್ತೇ ಓಟ ನಿಲ್ಲಿಸಿದೆ. ಒಬ್ಬ ಮೂಳೆ ಡಾಕ್ಟರ್, ಒಬ್ಬ ಸ್ತ್ರೀರೋಗ ತಜ್ಞೆ, ಇಬ್ಬರ ಹತ್ತಿರ ಕಳಿಸಿದೆ. ಎಂಆರ್‌ಐನಲ್ಲಿ ಮೊಣಕಾಲಿನ ಕೆಳಗಿನ ಮೂಳೆಯೊಳಗೆ ಊತ ಕಂಡಿತು, ಬಿರುಕು ಬಿಡುವುದಕ್ಕೆ ಮೊದಲಿನ ಹಂತ. ತಜ್ಞೆ ಮಾತ್ರೆ ನಿಲ್ಲಿಸಿ, ಕೆಲವು ವಾರ ಬಿಟ್ಟು ರಕ್ತ ಪರೀಕ್ಷೆ ಮಾಡಿಸಿದರು. ಮುಟ್ಟು ನಿಲ್ಲಿಸುವ ಬೇರೆ ಕಾರಣ ಕಾಣಲಿಲ್ಲ. ಥೈರಾಯ್ಡ್‌ನ ಟಿಎಸ್‌ಎಚ್ ಸರಿ ಇತ್ತು, ಪ್ರೊಲ್ಯಾಕ್ಟಿನ್ ಸರಿ ಇತ್ತು, ಪಿಸಿಓಎಸ್ ಲಕ್ಷಣ ಇಲ್ಲ. ಅಂಡಾಶಯಕ್ಕೆ ಸುದ್ದಿ ಮುಟ್ಟಿಸುವ ಹಾರ್ಮೋನ್ ಎಲ್‌ಎಚ್ 1.2, ಈಸ್ಟ್ರೋಜನ್‌ನ ಮುಖ್ಯ ರೂಪ ಈಸ್ಟ್ರಾಡಯಾಲ್ 18. ಎರಡೂ ತೀರಾ ಕಮ್ಮಿ. ಹಿಮೋಗ್ಲೋಬಿನ್ 11.4, ಮೈಯಲ್ಲಿ ಕಬ್ಬಿಣದ ದಾಸ್ತಾನು ತೋರಿಸುವ ಫೆರಿಟಿನ್ 11. ಮೂಳೆ ಎಷ್ಟು ಗಟ್ಟಿ ಅಂತ ಅಳೆಯುವ ಡೆಕ್ಸಾ ಸ್ಕ್ಯಾನ್‌ನಲ್ಲಿ ಬೆನ್ನುಮೂಳೆಯ ಝಡ್ ಸ್ಕೋರ್, ಅಂದರೆ ಅದೇ ವಯಸ್ಸಿನ ಹೆಂಗಸರ ಸರಾಸರಿಗೆ ಹೋಲಿಸಿದ ಅಂಕಿ, ಮೈನಸ್ 1.3. ಓಡುವವರ ಮೂಳೆ ಸಾಮಾನ್ಯರಿಗಿಂತ ಗಟ್ಟಿ ಇರಬೇಕು, ಮೈನಸ್ 1ಕ್ಕಿಂತ ಕೆಳಗೆ ಹೋದರೆ ಗಮನ ಕೊಡಬೇಕು. ಇದೆಲ್ಲ ಈ ಆರು ತಿಂಗಳಲ್ಲೇ ಆದದ್ದು ಅಂತ ನಾನು ಹೇಳಲಾರೆ. ಹಿಂದೆಯೇ ಸ್ವಲ್ಪ ಸವೆದಿರಬಹುದು. ಆದರೆ ಸವೆದ ಮೂಳೆಯ ಮೇಲೆ ವಾರಕ್ಕೆ 55 ಕಿಲೋಮೀಟರ್ ಓಡಿಸಿದ್ದು ನಾನು.

ಅವಳ ತೂಕ ಆಗ 46.5. ಬಿಎಂಐ ಲೆಕ್ಕ ಹಾಕಿದರೆ 18.6. ಪಟ್ಟಿಯ ಪ್ರಕಾರ 18.5ರ ಮೇಲಿದ್ದರೆ ಸಾಮಾನ್ಯ. ಅಂದರೆ ಅವಳು ಎಲ್ಲಿಯೂ ಯಾರ ಕಣ್ಣಿಗೂ ಬೀಳುವ ಹಾಗಿರಲಿಲ್ಲ.

ಒಂದು ಸಂಜೆ ಅವಳ ಮನೆಗೆ ಹೋಗಿ ಅಡುಗೆಮನೆಯಲ್ಲಿ ಕೂತು ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಊಟದ ಲೆಕ್ಕ ಬರೆದೆ. ಬೆಳಗ್ಗೆ ಐದಕ್ಕೆ ಏನೂ ಇಲ್ಲ. ಓಡಿ ಬಂದು ಡಬ್ಬಿ ಕಟ್ಟಿ, ಮಗಳನ್ನು ಶಾಲೆಗೆ ಕಳಿಸಿ, ಟೀ ಜೊತೆ ಎರಡು ಬಿಸ್ಕತ್ತು, 8.40ರ ಲೋಕಲ್. ಅವಳ ಮಧ್ಯಾಹ್ನದ ಡಬ್ಬಿ ತೊಳೆದು ಕವುಚಿ ಇಟ್ಟಿದ್ದರು. ಕೈಯಲ್ಲಿ ತೆಗೆದುಕೊಂಡು ನೋಡಿದೆ. ಮೂರು ಅಂತಸ್ತಿನದು. ಒಂದರಲ್ಲಿ ಎರಡು ಫುಲ್ಕ, ಒಂದರಲ್ಲಿ ಪಲ್ಯ, ಮೇಲಿನದರಲ್ಲಿ ಸೌತೆಕಾಯಿ. ಮಗಳ ಡಬ್ಬಿ ಅದಕ್ಕಿಂತ ಭಾರ ಇತ್ತು. ರಾತ್ರಿ ಎಲ್ಲರಿಗೂ ಅನ್ನ, ಮೀನು ಸಾರು ಮಾಡಿ ಬಡಿಸಿ, ತಾನು ಒಂದು ಬಟ್ಟಲು ತೊವ್ವೆ, ಒಂದು ಹೋಳು ಮೀನು. ಚಾರ್ಟ್‌ನಲ್ಲಿ ಅನ್ನ ಬೇಡ ಅಂತ ಇತ್ತಲ್ಲ. ಗಂಡನೂ ಅದನ್ನೇ ಪಾಲಿಸುತ್ತಿದ್ದರು, ಆದರೆ ಮಧ್ಯಾಹ್ನ ಆಫೀಸ್ ಕ್ಯಾಂಟೀನಿನಲ್ಲಿ ಉಸಳ್ ಪಾವ್, ಮೊಸರು ಸೇರಿ ಹೊಟ್ಟೆ ತುಂಬ ತಿನ್ನುತ್ತಿದ್ದರು.

ಅವಳದು ದಿನಕ್ಕೆ ಸುಮಾರು 1450 ಕ್ಯಾಲರಿ. ಓಡುವಾಗ ಒಂದು ಕೆಜಿ ತೂಕಕ್ಕೆ, ಒಂದು ಕಿಲೋಮೀಟರ್‌ಗೆ ಹತ್ತಿರಹತ್ತಿರ ಒಂದು ಕ್ಯಾಲರಿ ಖರ್ಚು. ಹತ್ತು ಕಿಲೋಮೀಟರ್‌ಗೆ 460. ಉಳಿದದ್ದು 990. ಕ್ಯಾಲಿಪರ್‌ನಿಂದ ಅಳೆದಾಗ ಕೊಬ್ಬು ಬಿಟ್ಟು ಅವಳ ಮೈ ತೂಕ ಸುಮಾರು 37 ಕೆಜಿ ಬಂತು. 990ನ್ನು 37ರಿಂದ ಭಾಗಿಸಿದರೆ ಸುಮಾರು 27. ಅಂದರೆ ಓಟದ ಖರ್ಚು ಕಳೆದ ಮೇಲೆ, ಕೊಬ್ಬು ಬಿಟ್ಟ ಮೈಯ ಒಂದೊಂದು ಕೆಜಿಗೆ ಉಳಿದ ಕ್ಯಾಲರಿ. ಭಾನುವಾರ 18 ಕಿಲೋಮೀಟರ್ ಓಡಿದ ದಿನ ಸ್ವಲ್ಪ ಜಾಸ್ತಿ ತಿಂದರೂ 21. ಮೈಯ ಕೆಲಸ ಆರಾಮಾಗಿ ನಡೆಯಬೇಕಾದರೆ ಈ ಅಂಕಿ 45ರ ಹತ್ತಿರ ಇರಬೇಕು. 2003ರಲ್ಲಿ ಆನ್ ಲೌಕ್ಸ್ ಮತ್ತು ಜೊತೆಗಾರರು ಆರೋಗ್ಯವಂತ ಹೆಂಗಸರ ಮೇಲೆ ಮಾಡಿದ ಪ್ರಯೋಗದಲ್ಲಿ, 30ಕ್ಕಿಂತ ಕೆಳಗೆ ಇಳಿಸಿದಾಗ ಐದೇ ದಿನದಲ್ಲಿ ಎಲ್‌ಎಚ್ ಮಿಡಿತ ತಪ್ಪಿತ್ತು. ಎಲ್ಲರಿಗೂ ಸರಿಯಾಗಿ 30ಕ್ಕೇ ಗೆರೆ ಎಳೆಯಲಾಗುವುದಿಲ್ಲ. ಆದರೆ ಅವಳು ತಿಂಗಳುಗಟ್ಟಲೆ ಅದರ ಕೆಳಗಿದ್ದಳು.

ಒಳಗೆ ನಡೆಯುವುದು ಇಷ್ಟು. ಮೆದುಳಿನ ಬುಡದಲ್ಲಿರುವ ಹೈಪೊಥಾಲಮಸ್ ಮನೆಯ ಯಜಮಾನಿ ಇದ್ದ ಹಾಗೆ, ಡಬ್ಬದಲ್ಲಿ ಅಕ್ಕಿ ಎಷ್ಟಿದೆ ಅಂತ ನೋಡುತ್ತಲೇ ಇರುತ್ತದೆ. ಕೊಬ್ಬಿನಿಂದ ಬರುವ ಲೆಪ್ಟಿನ್ ಅನ್ನುವ ಹಾರ್ಮೋನ್ ಇಳಿದರೆ ಕೊರತೆ ಅಂತ ಅರ್ಥ. ಆಗ ಕೆಳಗಿನ ಪಿಟ್ಯುಟರಿ ಗ್ರಂಥಿಗೆ ಕಳಿಸುವ ಮಿಡಿತ ನಿಧಾನ ಮಾಡುತ್ತದೆ. ಎಲ್‌ಎಚ್ ಇಳಿಯುತ್ತದೆ, ಅಂಡಾಶಯಕ್ಕೆ ಸುದ್ದಿ ಮುಟ್ಟುವುದಿಲ್ಲ, ಈಸ್ಟ್ರೋಜನ್ ಬತ್ತುತ್ತದೆ, ಮುಟ್ಟು ನಿಲ್ಲುತ್ತದೆ. ಥೈರಾಯ್ಡ್‌ನ ಟಿ3 ಇಳಿಯುತ್ತದೆ, ಅದಕ್ಕೇ ಚಳಿ. ಒತ್ತಡದ ಹಾರ್ಮೋನ್ ಕಾರ್ಟಿಸಾಲ್ ಏರುತ್ತದೆ. ಈಸ್ಟ್ರೋಜನ್ ಮೂಳೆಯ ಕಾವಲುಗಾರ, ಅದಿಲ್ಲದೆ ಮೂಳೆ ಕಟ್ಟುವುದಕ್ಕಿಂತ ಕರಗುವುದು ಜಾಸ್ತಿ. ಗರ್ಭ ಹೊರಬೇಕಾದ ಮೈ ಆದ್ದರಿಂದ ಹೆಂಗಸರಲ್ಲಿ ಈ ಬಾಗಿಲು ಬೇಗ ಮುಚ್ಚುತ್ತದೆ. ಊಟ ಸಾಲದಿರುವುದು, ಮುಟ್ಟು ನಿಲ್ಲುವುದು, ಮೂಳೆ ಸವೆಯುವುದು, ಈ ಮೂರೂ ಸೇರಿದ್ದಕ್ಕೆ ಮೊದಲು ಮಹಿಳಾ ಕ್ರೀಡಾಪಟುಗಳ ತ್ರಿಕೂಟ ಸಮಸ್ಯೆ ಅನ್ನುತ್ತಿದ್ದರು. 2014ರಲ್ಲಿ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ ಗಂಡಸರನ್ನೂ ಸೇರಿಸಿ ರೆಡ್-ಎಸ್, ಅಂದರೆ ಕ್ರೀಡೆಯಲ್ಲಿ ಶಕ್ತಿಯ ಕೊರತೆ, ಅಂತ ಹೊಸ ಹೆಸರು ಕೊಟ್ಟಿತು.

ಮುಟ್ಟು ನಿಂತರೆ ಫಿಟ್ ಆದ ಗುರುತು ಅನ್ನುವ ಮಾತನ್ನು ನಾನು ಎಷ್ಟೋ ಪಾರ್ಕ್‌ಗಳಲ್ಲಿ ಕೇಳಿದ್ದೇನೆ. ಅದು ಸುಳ್ಳು. ಮೂರು ತಿಂಗಳು ಬರಲಿಲ್ಲ ಅಂದರೆ ಡಾಕ್ಟರ್ ಹತ್ತಿರ ಹೋಗಲೇಬೇಕು.

ಏನು ಮಾಡಿದೆವು

ಮೊದಲ ಜಗಳ ಜನವರಿಯ ಓಟದ ಬಗ್ಗೆ. ದುಡ್ಡು ಕಟ್ಟಿದ್ದಳು. ಆರು ವಾರ ಇದೆ, ನೋವು ಕಮ್ಮಿಯಾದರೆ ನಡೆದಾದರೂ ಮುಗಿಸುತ್ತೇನೆ ಅಂತ ಹಟ. ಗಂಡ ಸುಮ್ನೆ ಕೂತಿದ್ದವರು, ಕೊನೆಗೆ "ನನಗೋಸ್ಕರ ಶುರು ಮಾಡಿದ್ದು ನೀನು. ಈಗ ನನಗೋಸ್ಕರ ಬಿಡು" ಅಂದರು. ಅವಳು ಎದ್ದು ಒಳಗೆ ಹೋದಳು. ಮಾರನೇ ದಿನ ಓಡಲ್ಲ ಅಂತ ಮೆಸೇಜ್ ಬಂತು.

ಊಟ ಏರಿಸಿದೆವು, ದಿನಕ್ಕೆ 400 ಕ್ಯಾಲರಿಯಿಂದ ಶುರು. ಡಯಟಿಷಿಯನ್ ಒಬ್ಬರು ಜೊತೆಗಿದ್ದರು. ಬೆಳಗ್ಗೆ ಎದ್ದ ಕೂಡಲೇ ಬಾಳೆಹಣ್ಣು. ಕುಚ್ಚಲಕ್ಕಿ ಗಂಜಿಗೆ ತುಪ್ಪ. ಡಬ್ಬಿಗೆ ನಾಲ್ಕನೇ ಅಂತಸ್ತು, ಮೊಸರನ್ನ. ಸಂಜೆ ಲೋಕಲ್ ಹತ್ತುವ ಮೊದಲು ಶೇಂಗಾ ಚಿಕ್ಕಿ. ರಾತ್ರಿ ಅನ್ನ ವಾಪಸ್. ಕಬ್ಬಿಣದ ಮಾತ್ರೆ, ವಿಟಮಿನ್ ಡಿ ಡಾಕ್ಟರ್ ಬರೆದಂತೆ. ಅತ್ತೆ ಗಂಜಿಯ ಜವಾಬ್ದಾರಿ ತಾವೇ ತೆಗೆದುಕೊಂಡರು. ಅವರಷ್ಟು ನಿಷ್ಠೆಯಿಂದ ಯಾವ ಟ್ರೇನರ್ ಕೂಡ ಮಾಡಲಾರ.

ಎಂಟು ವಾರ ಓಟ ಪೂರ್ತಿ ಬಂದ್. ಮೂಳೆ ಡಾಕ್ಟರ್ ಒಪ್ಪಿದ ಮೇಲೆ ವಾರಕ್ಕೆ ಎರಡು ದಿನ ತೂಕ ಎತ್ತುವುದು ಶುರು ಮಾಡಿದೆ. ತೂಕ ಎತ್ತಿದರೆ ಗಂಡಸಿನ ಮೈಯಾಗತ್ತಾ ಅಂತ ಕೇಳಿದಳು. ಎಲ್ಲರೂ ಕೇಳುತ್ತಾರೆ. ಗಂಡಸರ ರಕ್ತದಲ್ಲಿ ಟೆಸ್ಟೋಸ್ಟಿರಾನ್ ಹೆಂಗಸರಿಗಿಂತ ಹದಿನೈದು ಪಟ್ಟಿನಷ್ಟು, ಅದಕ್ಕೂ ಜಾಸ್ತಿ ಇರುತ್ತದೆ. ಹಾಗಾಗಿ ಸ್ನಾಯುವಿನ ಗಾತ್ರ ಅವರ ಹಾಗೆ ಬರುವುದಿಲ್ಲ. ಆದರೆ ಶುರುವಿನಲ್ಲಿ ಇದ್ದ ಬಲಕ್ಕೆ ಹೋಲಿಸಿದರೆ ಹೆಂಗಸರೂ ಗಂಡಸರಷ್ಟೇ ಏರುತ್ತಾರೆ. ಹನ್ನೆರಡು ವಾರದಲ್ಲಿ ಅವಳು 15 ಕೆಜಿಯಿಂದ 32 ಕೆಜಿ ಬಾರ್ ಹೊತ್ತು ಕೂತು ಏಳುವಷ್ಟಾದಳು.

ಫೆಬ್ರವರಿಯಲ್ಲಿ ನಿದ್ದೆ ಬಂತು. ಮಾರ್ಚ್‌ನಲ್ಲಿ ತೂಕ 49. ಮುಟ್ಟು ಬರಲಿಲ್ಲ. ಅವಳಿಗೆ ತಾಳ್ಮೆ ತಪ್ಪಿತು, ಹೊಟ್ಟೆ ಬಂದಿದೆ ಅಂತ ಒಂದು ವಾರ ಮೊಸರನ್ನ ಬಿಟ್ಟಳು. ಆ ವಾರ ನನಗೆ ನಿಜವಾಗಿ ಭಯವಾಗಿತ್ತು. ತಜ್ಞೆ ಕೂರಿಸಿಕೊಂಡು ಮಾತಾಡಿದರು. ಇದು ತಿಂಗಳುಗಳ ಕೆಲಸ, ಮೈಗೆ ನಂಬಿಕೆ ಬರಬೇಕು ಅಂದರು.

ಗಂಡನ ಎರಡನೇ ಸುತ್ತು

ಜನವರಿಯಲ್ಲಿ ಗಂಡ ಹಾಫ್ ಮುಗಿಸಿದರು, 2 ಗಂಟೆ 31 ನಿಮಿಷ. ಪೆಡ್ಡರ್ ರೋಡ್ ಏರಿನಲ್ಲಿ ಅವಳು ಮಗಳ ಜೊತೆ ನಿಂತು ಕೂಗಿದಳು. ಆ ಉತ್ಸಾಹದಲ್ಲಿ ಅವರು ಮುಂದಿನ ವರ್ಷ ಫುಲ್ ಮ್ಯಾರಥಾನ್, 42 ಕಿಲೋಮೀಟರ್ ಅಂತ ಹೊರಟರು. ನನಗೆ ಹೇಳದೆ ವಾರಕ್ಕೆ 70 ಕಿಲೋಮೀಟರ್, ದಿನಕ್ಕೆ ಒಂದೇ ಊಟ. ಏಪ್ರಿಲ್ ಹೊತ್ತಿಗೆ 74 ಕೆಜಿ, ಸಿಡುಕು, ಎರಡು ಸಲ ನೆಗಡಿ.

ಈ ಸಲ ಕೇಳುವುದನ್ನು ಬಿಡಲಿಲ್ಲ. ಗಂಡಸರಿಗೆ ಮುಟ್ಟಿನಂಥ ಕ್ಯಾಲೆಂಡರ್ ಇಲ್ಲ. ಅವರಲ್ಲಿ ಸಿಗುವ ಗುರುತು, ಬೆಳಗ್ಗೆ ಎದ್ದಾಗ ತಾನಾಗಿ ಆಗುವ ಉದ್ರೇಕ ಇದೆಯಾ, ಆಸಕ್ತಿ ಇದೆಯಾ ಅನ್ನುವುದು. ಬಾಯಲ್ಲಿ ಕೇಳಲು ಇಬ್ಬರಿಗೂ ಮುಜುಗರ ಅಂತ ಕಾಗದದಲ್ಲಿ ಬರೆದುಕೊಟ್ಟೆ. "ಎರಡು ತಿಂಗಳಿಂದ ಇಲ್ಲ" ಅಂತ ಬರೆದು ಮಡಚಿ ಕೊಟ್ಟರು. ಡಾಕ್ಟರ್ ಬೆಳಗಿನ ಹೊತ್ತು ಪರೀಕ್ಷೆ ಮಾಡಿಸಿದಾಗ ಟೆಸ್ಟೋಸ್ಟಿರಾನ್ 255. ಹೊಟ್ಟೆ ಇದ್ದಾಗ ಇದ್ದುದಕ್ಕಿಂತ ಕಮ್ಮಿ. ಮೊದಲು ಕೊಬ್ಬು ಜಾಸ್ತಿಯಾಗಿ ಇಳಿದಿತ್ತು, ಈಗ ಊಟ ಸಾಲದೆ ಇಳಿದಿತ್ತು. ಹೆಂಡತಿ ಅವರ ತಟ್ಟೆಗೆ ಅನ್ನ ಬಡಿಸಿದಳು. ಓಟ 40ಕ್ಕೆ ಇಳಿಸಿದೆವು. ಮೂರು ತಿಂಗಳಲ್ಲಿ 390ಕ್ಕೆ ಬಂತು. ಅವರ ಮೈ ಬೇಗ ಸುಧಾರಿಸಿತು, ಅವಳದಕ್ಕೆ ಅದಕ್ಕಿಂತ ಜಾಸ್ತಿ ಕಾಲ ಹಿಡಿಯಿತು.

ಈಗ

ನನ್ನ ಹತ್ತಿರ ಸೇರುವ ಎಲ್ಲರಿಗೂ ಈಗ ಒಂದು ಪುಟದ ಕಾಗದ ಇದೆ, ಗಂಡಸರಿಗೆ ಬೇರೆ, ಹೆಂಗಸರಿಗೆ ಬೇರೆ. ಕೊನೇ ಮುಟ್ಟು ಯಾವತ್ತು, ಮಾತ್ರೆ ತಗೊಳ್ತೀರಾ ಅಂತ ಮೊದಲ ಸಾಲಿನಲ್ಲೇ ಇದೆ. ತಿಂಗಳಿಗೊಮ್ಮೆ ಮತ್ತೆ ಕೇಳುತ್ತೇನೆ. ಮುಟ್ಟಿನ ಯಾವ ವಾರ ಯಾವ ವ್ಯಾಯಾಮ ಅಂತ ಬಣ್ಣಬಣ್ಣದ ಚಾರ್ಟ್ ಈಗ ಎಲ್ಲ ಕಡೆ ಓಡಾಡುತ್ತಿದೆ. ಅದಕ್ಕೆ ಗಟ್ಟಿ ಆಧಾರ ಇಲ್ಲ, ನಾನು ಕೊಡುವುದಿಲ್ಲ. ಹೆಂಗಸರಿಗೆ ಖಾಲಿ ಹೊಟ್ಟೆಯ ಓಟ ಬರೆಯುವುದನ್ನು ಬಿಟ್ಟಿದ್ದೇನೆ. ಸೇರುವಾಗಲೇ ಡಾಕ್ಟರ್ ಹತ್ತಿರ ಹಿಮೋಗ್ಲೋಬಿನ್, ಫೆರಿಟಿನ್ ನೋಡಿಸಿಕೊಂಡು ಬನ್ನಿ ಅನ್ನುತ್ತೇನೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 15ರಿಂದ 49 ವಯಸ್ಸಿನ ನಮ್ಮ ಹೆಂಗಸರಲ್ಲಿ ನೂರಕ್ಕೆ 57 ಮಂದಿಗೆ ರಕ್ತಹೀನತೆ. ಉಸಿರು ಸಾಲದಿರುವುದಕ್ಕೆ ಕಾರಣ ಸೋಮಾರಿತನ ಅಂತ ಬೈಯುವ ಮೊದಲು ಅದನ್ನು ನೋಡಬೇಕು.

ಮೇ ತಿಂಗಳ ಒಂದು ಬೆಳಗ್ಗೆ, ಸೆಖೆ ಜೋರಾಗಿತ್ತು, ಅವಳು ಫೈವ್ ಗಾರ್ಡನ್ಸ್‌ಗೆ ಸುಮ್ನೆ ನಡೆಯಲು ಬಂದಳು. ಮೊಬೈಲ್ ತೆಗೆದು ಕ್ಯಾಲೆಂಡರ್ ತೋರಿಸಿದಳು. 14ನೇ ತಾರೀಕಿನ ಮೇಲೆ ಒಂದು ಕೆಂಪು ಚುಕ್ಕೆ. ಮಾತ್ರೆ ಇಲ್ಲದೆ ಬಂದದ್ದು. ಆಮೇಲೆ ಜೂನ್‌ನಲ್ಲಿ 36 ದಿನಕ್ಕೆ, ಜುಲೈನಲ್ಲಿ 31 ದಿನಕ್ಕೆ. ತೂಕ 51. ವಾರಕ್ಕೆ ಮೂರು ದಿನ ಓಡುತ್ತಾಳೆ, ಒಟ್ಟು 20 ಕಿಲೋಮೀಟರ್. ಡೆಕ್ಸಾ ಡಿಸೆಂಬರ್‌ನಲ್ಲಿ ಮತ್ತೆ ಮಾಡಿಸಬೇಕು. ಜನವರಿಗೆ ಹೆಸರು ಕೊಡುವುದಾ ಬೇಡವಾ ಅನ್ನುವುದನ್ನು ಆ ರಿಪೋರ್ಟ್ ನೋಡಿ ಹೇಳುತ್ತೇನೆ ಅಂದಿದ್ದಾಳೆ.